ಸೀಸರನಿಗೆ ಮೊದಲ ಹೂವು

ಸೀಸರನ ಕೊಲೆಯಾದ ಮಾರ್ಚ್ ಹದಿನೈದು. ರೋಮ್‌ನ ಬಸ್ ನಿಲ್ದಾಣದಲ್ಲಿ ಮುಂದೆ ನಿಂತಿದ್ದ ಇಬ್ಬರು ಮುದುಕಿಯರ ಮಾತು ಬಸ್ಸಿಗೆ ಕಾಯುತ್ತಿದ್ದ ಒರ್ಸೋಲಾಳ ಕಿವಿಗೆ ಬಿತ್ತು.

"ಇಷ್ಟು ಹೂವು ಯಾರಿಗೆ, ನಿವೆಸ್?"

"ಸೀಸರನ ಪ್ರತಿಮೆಗೆ, ಅತ್ತಿಗೆ."

"ಎರಡು ಸಾವಿರ ವರ್ಷದ ಹಿಂದೆ ಸತ್ತೋನಿಗಾ! ಮೊನ್ನೆ ಮೊನ್ನೆ ಮಣ್ಣಾದ ನನ್ನ ತಮ್ಮ, ನಿನ್ನ ಗಂಡ, ಅವನ ಗೋರಿಗೆ ಒಂದು ಎಸಳೂ ಇಲ್ಲ."

"ಆ ಪ್ರತಿಮೆ ಇರೋ ಬೀದಿ ಗುಡಿಸ್ತಿದ್ದೋರು ನಿಮ್ಮ ತಮ್ಮನೇ ಅಲ್ವಾ? ಈ ದಿನ ಜನ ಅಲ್ಲಿ ಇಟ್ಟ ಹೂವನ್ನ ಮಾರನೇ ದಿನ ತಾನೇ ಗುಡಿಸಬೇಕಲ್ಲಾ ಅಂತ ಅವರಿಗೆ ಸಂಕಟ. ಅದಕ್ಕೇ ಪ್ರತಿ ವರ್ಷ ಮೊದಲ ಹೂವು ಅವರೇ ಇಡೋರು."

"ನನ್ನ ಹತ್ರ ಹೇಳಲೇ ಇಲ್ವಲ್ಲ!"

"ನೀವು ನಗ್ತೀರಿ ಅಂತ. ಈ ಸಲ ಇಡದಿದ್ರೆ, ಅವರು ಹೋಗಿದ್ದು ಸೀಸರನಿಗೂ ಗೊತ್ತಾಗಿಬಿಡುತ್ತೆ."

ಬಸ್ಸು ಬಂತು. ಅತ್ತಿಗೆ ಮೊದಲು ಹತ್ತಿ ಕೈ ಚಾಚಿದಳು.

"ಹೂವು ಇತ್ತ ಕೊಡು. ಈ ನೂಕುನುಗ್ಗಲಲ್ಲಿ ನಲುಗೀತು."