ಸಾವಿನ ಮನೆಗೆ ಒಂದು ಗುದ್ದಲಿ

ಜೆಬ್ರೋನ್ ಜೇರೆ ತೀರಿಕೊಂಡ ಸುದ್ದಿ ತಿಳಿದ ದಿನ, ಅವನ ಚರ್ಚಿನ ಸಭೆಯ ಹಿರಿಯರಾದ ಎಸ್ನಾರ್ಟ್ ಅಜ್ಜಿ ಚಿಪಾಟಾ ಪಟ್ಟಣದ ಬಸ್ ನಿಲ್ದಾಣದಲ್ಲಿ ಸಾವಿನ ಮನೆಗೆ ಹೊರಟ ಜೊತೆಯವರಿಗಾಗಿ ಕಾಯುತ್ತಿದ್ದರು. ಬೆನ್ನ ಹಿಂದೆ ಸತ್ತವನ ತಮ್ಮ ಲಾಮೆಕ್, ಗುದ್ದಲಿ ಹಿಡಿದು ನಿಂತಿದ್ದ ಕಸೊಂಡೆ ಎಂಬ ಹೆಂಗಸಿನೊಡನೆ ಮಾತಾಡುತ್ತಿದ್ದ. ಅವನು ಎನ್‌ಗೋನಿ, ಅವಳು ಬೆಂಬಾ. ಈ ಎರಡು ಕುಲದವರು ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು, ಯಾರೂ ಸಿಟ್ಟಾಗಬಾರದು; ಅದು ಅಲ್ಲಿನ ಹಳೆಯ ವಾಡಿಕೆ.

"ಇಲಿ ತಿನ್ನೋನೇ, ಅಣ್ಣನ ಬಾಗಿಲ ಚೌಕಟ್ಟು ತಟ್ಟಿ ನೋಡಿದ್ಯಾ?"

"ನೋಡ್ದೆ. ಡೋಲಿನ ಹಾಗೆ ಪೊಳ್ಳು ಸದ್ದು."

"ಗೋಡೆ ಮೇಲಿನ ಗೆದ್ದಲ ಮಣ್ಣು ಜಂತಿ ಮುಟ್ಟಿದೆ. ನಾಳೆ ಅಳೋಕೆ ಬಂದೋರ ಮೇಲೆ ಸೂರು ಬಿದ್ರೆ ಇನ್ನೂ ಜೋರಾಗಿ ಅಳ್ತಾರೆ."

"ಹಿತ್ತಿಲ ಹುತ್ತ ಅಗೆಯೋಕೆ ಅತ್ತಿಗೆ ಬಿಡ್ಲಿಲ್ಲ. ಮೊದಲ ಮಳೆಗೆ ಅದರಿಂದ ಏಳೋ ರೆಕ್ಕೆಹುಳ ಹುರಿದು ಕೊಟ್ರೆ ಅಣ್ಣನಿಗೆ ಪ್ರಾಣ ಅಂತಿದ್ರು. ಈಗಂತೂ ಮುಟ್ಟೋಕೇ ಬಿಡಲ್ಲ."

"ಹುಳ ಮನೆ ತಿನ್ನೋದು, ನೀವು ಹುಳ ತಿನ್ನೋದು. ಒಳ್ಳೇ ಸಂಸಾರ."

"ಕೋತಿ ತಿನ್ನೋಳಿಗೆ ಆ ರುಚಿ ಏನು ಗೊತ್ತು?"

"ಸಾವಿನ ಮನೇಲಿ ನಾನೇನು ಮಾಡಿದ್ರೂ ನಿಮ್ಮೋರು ಸಿಟ್ಟಾಗೋ ಹಾಗಿಲ್ಲ, ತಾನೇ?"

"ಇಲ್ಲ. ಹೋದ್ಸಲದ ಸಾವಲ್ಲಿ ಸತ್ತೋನ ಟೋಪಿ ಹಾಕ್ಕೊಂಡೇ ಕುಣಿದೆಯಲ್ಲ."

"ಈ ಸಲ ಹುತ್ತ ಅಗೆದು ರಾಣಿಹುಳನ ಎತ್ತಿ ಹಾಕ್ತೀನಿ. ನೀನು ಮತ್ತೆ ಗೆದ್ದಲು ಹತ್ತದ ಹಾಗೆ ಕಂಬಕ್ಕೆಲ್ಲ ಹಳೇ ಇಂಜಿನ್ ಆಯಿಲ್ ಬಳಿ."

"ಅತ್ತಿಗೆ ಅಳ್ತಾರೆ."

"ಅಳಲಿ. ಬೀಳದ ಸೂರಿನ ಕೆಳಗೆ ಕೂತು ಅಳಲಿ."

ಬಸ್ಸು ಬಂತು. ಲಾಮೆಕ್ ಅವಳ ಕೈಯಿಂದ ಗುದ್ದಲಿಯನ್ನು ತೆಗೆದುಕೊಂಡು ತಾನೇ ಹೊತ್ತು ಹತ್ತಿದ. ಎಸ್ನಾರ್ಟ್ ಅಜ್ಜಿಗೆ ನಗುವೂ ಬಂತು, ಕಣ್ಣೀರೂ ಬಂತು. ಅವರು ತಲೆ ಬಾಗಿಸಿದರು: ಕರ್ತನೇ, ಜೆಬ್ರೋನನ ಆತ್ಮಕ್ಕೆ ನಿನ್ನ ಸನ್ನಿಧಿಯಲ್ಲಿ ಶಾಂತಿಯನ್ನು ದಯಪಾಲಿಸು. ಆಮೆನ್.