ಐವತ್ತರಲ್ಲಿ ಹದಿನೇಳನೆಯ ಕಾರು

ಬಹಳ ಹಳೆಯ ಮಾತಲ್ಲ, ಶರಣರೇ. ನಮ್ಮ ಊರಿನಂಥದೇ ಒಂದು ಊರು, ಆ ಊರಲ್ಲಿ ಒಬ್ಬ ಸಾಹುಕಾರ. ಗುರುಸಿದ್ಧಪ್ಪ ಎಂದಿಟ್ಟುಕೊಳ್ಳಿ. ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ನೀವೆಲ್ಲ ಅವನನ್ನು ಬೈಯಲು ತಯಾರಾಗಿ ಕೂರುತ್ತೀರಿ! ಎಂಜಿನ್ ಬಿಡಿಭಾಗಗಳ ಎರಕ ಹೊಯ್ಯುವ ಎರಡು ಕಾರ್ಖಾನೆ ಅವನವು. ಆದರೆ ಹರೆಯದಲ್ಲಿ ಮಕ್ತುಮಸಾಬ ಎಂಬ ಮೇಸ್ತ್ರಿಯ ಗ್ಯಾರೇಜಿನಲ್ಲಿ ಮೈಗೆಲ್ಲ ಗ್ರೀಸು ಬಳಿದುಕೊಂಡು ಕೆಲಸ ಕಲಿತವನು. ಆ ಗುರುವನ್ನು ಉಸ್ತಾದ ಎಂದೇ ಕರೆಯುತ್ತಿದ್ದ. ಆ ಉಸ್ತಾದ ಕಣ್ಣುಮುಚ್ಚಿ ಸಪ್ಪಳ ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಿದ್ದರು.

ಅರವತ್ತು ತುಂಬಿದಾಗ ಸಾಹುಕಾರನಿಗೊಂದು ಆಸೆ ಹುಟ್ಟಿತು. ಹೊರದೇಶದ ಒಂದು ಕಂಪನಿ ಗಾಳಿಯನ್ನೇ ಸೀಳುವಂಥ ಕಾರು ಮಾಡುತ್ತಿತ್ತು. ಬೇಕೆಂದವರು ಐನೂರು ಮಂದಿ. ಕಂಪನಿ ಮಾಡಿದ್ದು ಐವತ್ತೇ ಕಾರು. ಯಾಕೆ? ಕಬ್ಬಿಣ ಸಾಲಲಿಲ್ಲವೇ? ಕೆಲಸಗಾರರು ಸಿಗಲಿಲ್ಲವೇ? ಅಲ್ಲ, ನೋಡಿ. ನಾನೂರೈವತ್ತು ಮಂದಿ ಕೈ ಕೈ ಹಿಸುಕಿಕೊಂಡು ನಿಂತರೆ ತಾನೇ ಉಳಿದ ಐವತ್ತು ಮಂದಿ ತಲಾ ಒಂಬತ್ತು ಕೋಟಿ ಕೊಡುವುದು?

ಮೂರು ವರ್ಷ ಕಾದ ಮೇಲೆ ಕಾರು ಬಂತು. 'ಐವತ್ತರಲ್ಲಿ ಹದಿನೇಳನೆಯದು' ಎಂಬ ತಗಡು ಬೇರೆ. ಮಾರಿದವನು ಕಿವಿಯಲ್ಲಿ ಹೇಳಿದ: "ಓಡಿಸಬೇಡಿ ಸಾರ್. ಮೀಟರು ನೂರು ಕಿಲೋಮೀಟರ್ ದಾಟದಿದ್ದರೆ ಐದು ವರ್ಷಕ್ಕೆ ಬೆಲೆ ದುಪ್ಪಟ್ಟು."

ಓಡಲೆಂದೇ ಹುಟ್ಟಿದ ಕಾರಿಗೆ ಸಾಹುಕಾರ ಎಸಿ ಕೋಣೆ ಕಟ್ಟಿಸಿ, ಮುಸುಕು ಹಾಕಿ ನಿಲ್ಲಿಸಿದ.

ಒಂದು ದಿನ ಮಕ್ತುಮಸಾಬ ಬಂದರು.

"ಸಿದ್ಧಣ್ಣಾ, ಕಿವಿ ಹೊಂಟಾವು ಅಂದ್ರಪಾ ಡಾಕ್ಟರು. ಎಂಜಿನ್ ಬಾಜೂಕ ಐವತ್ತು ವರ್ಷ ನಿಂತ ಕಿವಿ. ಪೂರಾ ಹೋಗೂದ್ರಾಗ ನಿನ್ನ ಗಾಡಿ ಸಪ್ಪಳ ಒಮ್ಮೆ ಕೇಳಬೇಕನಸೈತಿ."

"ಈಗ ಬ್ಯಾಟರಿ ತಗದಿಟ್ಟಾರ್ರಿ ಉಸ್ತಾದ. ದೀಪಾವಳಿ ಪೂಜಿಗೆ ಚಾಲೂ ಮಾಡೂಣು. ಅವತ್ತ ಬರ್ರಿ."

ದೀಪಾವಳಿ ಬಂತು. ಅದೇ ವಾರ ಯಾರೋ ಕಾರನ್ನು ಹದಿಮೂರು ಕೋಟಿಗೆ ಕೇಳಿದ್ದರು. ಮುಟ್ಟುವುದು ಬೇಡವೆಂದು ಬರೀ ಹೂವೇರಿಸಿ, "ಯುಗಾದಿಗೆ ನೋಡೂಣ್ರಿ" ಎಂದ. ಉಸ್ತಾದರು ತಲೆಯಾಡಿಸಿ ಹೋದರು. ಯುಗಾದಿಗೆ ಅವರು ಬರಲೇ ಇಲ್ಲ.

ಸಾಹುಕಾರನೇ ಅವರ ಮನೆಗೆ ಹೋದ. ಉಸ್ತಾದರು ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಸೈಕಲ್ ಪಂಪೊಂದನ್ನು ಬಿಚ್ಚುತ್ತಿದ್ದರು. "ಉಸ್ತಾದ" ಎಂದ. ಮತ್ತೊಮ್ಮೆ ಕರೆದ. ಮೂರನೆಯ ಸಲ ಕೂಗಿಯೇ ಕರೆದ. ತಿರುಗಲಿಲ್ಲ. ಒಳಗಿನಿಂದ ಮಗಳು ಬಂದು ಮೆಲ್ಲಗೆ ಹೇಳಿದಳು: "ಹೋದ ತಿಂಗಳದಿಂದ ಅಬ್ಬಾಗ ಏನೂ ಕೇಳಂಗಿಲ್ರಿ, ಕಾಕಾ."

ಶರಣರೇ, ಆ ಹೊಸ್ತಿಲಲ್ಲಿ ಅವನಿಗೆ ಏನಾಗಿರಬೇಡ!

ನೆಟ್ಟಗೆ ಮನೆಗೆ ಬಂದ. ಮುಸುಕು ಕಿತ್ತೆಸೆದ. ಯಾರನ್ನೂ ಕರೆಯದೆ ತಾನೇ ಬಗ್ಗಿ ಬ್ಯಾಟರಿ ಜೋಡಿಸಿದ. ಉಸ್ತಾದರ ಓಣಿಯ ರಸ್ತೆಯುಬ್ಬಿಗೆ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು; ಅವನು ನಿಲ್ಲಿಸಲಿಲ್ಲ. ಮನೆಯ ಮುಂದೆ ಎಂಜಿನ್ ಗುಡುಗುತ್ತಿತ್ತು, ಕಿಟಕಿಗಳು ಅದುರುತ್ತಿದ್ದವು, ಓಣಿಯ ಮಂದಿಯೆಲ್ಲ ಹೊರಗೆ ಬಂದಿದ್ದರು. ಉಸ್ತಾದರು ಹತ್ತಿರ ಬಂದು ಕೇಳಿದರು:

"ಚಾಲೂ ಆಗೇತೇನು?"

ಸಾಹುಕಾರ ಅವರ ಕೈ ಹಿಡಿದು ಎಂಜಿನ್ನಿನ ಮುಚ್ಚಳದ ಮೇಲಿಟ್ಟ. ಅವರ ಮುಖ ಅರಳಿತು. "ಅಯ್ ಅಯ್! ಹುಲಿ ಐತಿ ಹುಲಿ!" ಎಂದು ನಕ್ಕರು. ಆಮೇಲೆ ಅವನ ತುಟಿಗಳನ್ನೇ ನೋಡುತ್ತ, "ಸಪ್ಪಳ ಹ್ಯಾಂಗೈತಪಾ? ನೀನರ ಹೇಳು" ಎಂದರು. ಸಾಹುಕಾರ ಪಕ್ಕದ ಬಾಗಿಲು ತೆರೆದು ಅವರನ್ನು ಕಾರಿನಲ್ಲಿ ಕೂರಿಸಿದ.

ಅಂದು ಇಬ್ಬರೂ ಹೆದ್ದಾರಿಯಲ್ಲಿ ಧಾರವಾಡ ದಾಟಿ ಕಿತ್ತೂರಿನ ತನಕ ಹೋಗಿ ಬಂದರು. ಮೀಟರು ನೂರು ದಾಟಿತು. ಈಗಲೂ ಪ್ರತಿ ಶುಕ್ರವಾರ, ನಮಾಜು ಮುಗಿದ ಮೇಲೆ, ಆ ಕಾರು ಉಸ್ತಾದರ ಬಾಗಿಲಿಗೆ ಬರುತ್ತದೆ. ಕಾರಿನ ಬೆಲೆ ಬಿದ್ದಿದೆ. ಸಾಹುಕಾರನ ಮನಸ್ಸು ಹಗುರಾಗಿದೆ, ಪೂರ್ತಿಯಲ್ಲ. ಕೇಳಿಸಬಹುದಾಗಿದ್ದ ದೀಪಾವಳಿ ಹಾಗೇ ಹೋಯಿತಲ್ಲ!

ಈಗ ನಿಮ್ಮನ್ನು ಕೇಳುತ್ತೇನೆ. ಸಾಹುಕಾರನನ್ನು ನೋಡಿ ನಗಬೇಡಿ. ಆ ಕಾರಾದರೂ ಐವತ್ತಿದ್ದವು. ನಿಮ್ಮ ತಾಯಿ ಎಷ್ಟು ಮಂದಿ? ನಿಮ್ಮ ಅಣ್ಣ? ಅಕ್ಷರ ತಿದ್ದಿಸಿದ ಆ ಮಾಸ್ತರು? ಒಬ್ಬೊಬ್ಬರೇ! ಭಗವಂತ ಎರಡನೆಯದನ್ನು ಮಾಡುವುದಿಲ್ಲ, ಯಾರೆಷ್ಟು ಕೋಟಿ ಕೊಟ್ಟರೂ ಮಾಡುವುದಿಲ್ಲ. ಅಂಥವರಿಗೆ ಆಡಬೇಕಾದ ಒಳ್ಳೆಯ ಮಾತನ್ನು ಮುಸುಕು ಹಾಕಿ ಇಟ್ಟಿದ್ದೀರಿ. ಹಬ್ಬಕ್ಕೆ ಹೋದರಾಯಿತು, ರಜೆಗೆ ಮಾತಾಡಿದರಾಯಿತು ಅನ್ನುತ್ತೀರಿ. ಅವರ ಕಿವಿ ನಿಮ್ಮ ಹಬ್ಬಕ್ಕೆ ಕಾಯುತ್ತದೆಯೇ?

ಇಂದಿನಿಂದ 'ಮುಂದಿನ ಹಬ್ಬಕ್ಕೆ' ಎಂಬ ಮಾತು ಬಿಡಿ. ಷೋಕೇಸಿನ ಒಳ್ಳೆಯ ತಟ್ಟೆ ಇಳಿಸಿ ಮನೆಯವರಿಗೇ ಬಡಿಸಿ. ಮುನಿಸಿಕೊಂಡವರ ಬಾಗಿಲಿಗೆ ನೀವೇ ಹೋಗಿ. ಈಗ ನಾನು ಹೇಳುತ್ತಿರುವಾಗ ನಿಮ್ಮ ಮನಸ್ಸಿಗೆ ಒಂದು ಮುಖ ಬಂತಲ್ಲ, ಬಂತೋ ಇಲ್ಲವೋ? ಪ್ರಸಾದಕ್ಕೆ ಸಾಲು ನಿಲ್ಲುವ ಮೊದಲು ಹೊರಗೆ ಹೋಗಿ ಅವರಿಗೆ ಫೋನು ಮಾಡಿ ಬನ್ನಿ. ತಡವಾದರೂ ಚಿಂತೆಯಿಲ್ಲ. ಪ್ರಸಾದ ಎಲ್ಲರಿಗೂ ಸಾಲುವಷ್ಟಿದೆ.