ಮೊದಲನೇ ರೊಟ್ಟಿ

ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕಿ ಮಡಿಲಲ್ಲಿ ಸ್ಟೀಲಿನ ಡಬ್ಬಿ ಇಟ್ಟುಕೊಂಡು ತನ್ನಷ್ಟಕ್ಕೆ ಬೈಯುತ್ತಿದ್ದಳು. ಅವಳ ಊರಿನವಳೇ ಇರಬೇಕು, ಒಬ್ಬಳು ಬಂದು ಮಾತಾಡಿಸಿದಳು.

“ಗುಂಡವ್ವಕ್ಕ, ಎಲ್ಲಿಗಿ ಹೊಂಟೀರಿ?”

“ಚಡಚಣಕ್ಕ. ಸೊಸಿ ತವರಮನಿಗಿ.”

“ರಾಜಶ್ರೀ ಜಗಳಾ ಮಾಡ್ಕೊಂಡು ಹೋದ್ಲೇನ್ರಿ?”

“ನಾಯಿ ಸಲುವಾಗಿ! ನಾ ಬಡದ ಮೊದಲನೇ ರೊಟ್ಟಿ ಯಾವತ್ತೂ ನಾಯಿಗೇ. ಈಕಿ ಅದಕ್ಕ ಏನ್ ಕಲಿಸ್ಯಾಳ ಗೊತ್ತೇನು? ತಾನು ‘ತಿನ್ನು’ ಅನ್ನೂತನಕಾ ಬಾಯಿ ಹಚ್ಚಬಾರದಂತ!”

“ಛಲೋನ ಐತಲ್ರಿ, ಶಿಸ್ತು.”

“ಏನ್ ಛಲೋ? ರೊಟ್ಟಿ ನಂದು, ಒಲಿ ನಂದು, ಅದು ಆಕಿ ಮಾರಿ ನೋಡ್ತೈತಿ! ಈ ಮನ್ಯಾಗ ಯಾರ ಮಾತು ನಡೀತೈತಿ ಅಂತ ಕೇಳಿದೆ. ಅಷ್ಟಕ್ಕ ಚೀಲಾ ತಗೊಂಡು ಹೋದ್ಲು.”

“ಈಗ ನೀವು ಅಂದ್ರ ತಿಂತೈತೇನ್ರಿ?”

“ಎಲ್ಲೀದು! ನಿನ್ನಿಯಿಂದ ರೊಟ್ಟಿ ಮುಂದ ಕುಂತೈತಿ, ಮೂಸಿನೂ ನೋಡವಲ್ದು.”

“ಫೋನಿನ್ಯಾಗ ಆಕಿ ಕಡಿಂದ ಅನಸ್ರಿ.”

“ಅನಸಿದೆ. ದನಿ ಕೇಳಿದ್ದ ತಡಾ, ಓಡಿ ಹೋಗಿ ಬಾಗಲದಾಗ ಕುಂತಿತು. ಉಂಡ ಮನೀ ನೆಪ್ಪಿಲ್ಲ ಅದಕ್ಕ!”

“ಅಂದ್ರ ಸೊಸೀನ್ನ ಕರಕೊಂಡು ಬರಾಕ ಹೊಂಟೀರಿ.”

“ಆಕೀನ್ನ ಯಾರು ಕರೀತಾರ? ನಾಯಿ ಉಪವಾಸ ಸಾಯಬಾರದಂತ ಹೊಂಟೇನಿ, ಅಷ್ಟ.”

“ಡಬ್ಬ್ಯಾಗ ಏನೈತ್ರಿ?”

“ಶೇಂಗಾ ಹೋಳಿಗಿ. ನಾಯಿಗಿ.”

“ನಾಯಿ ಮನ್ಯಾಗ ಐತಲ್ರಿ?”

ಚಡಚಣದ ಬಸ್ಸು ಬಂದು ನಿಂತಿತು. ಗುಂಡವ್ವ ಡಬ್ಬಿಯ ಮೇಲೆ ಸೆರಗು ಮುಚ್ಚಿಕೊಂಡು, ಎಲ್ಲರನ್ನೂ ತಳ್ಳಿ ಮೊದಲು ಹತ್ತಿದಳು.